ಒಂಬತ್ತು ತಾಸು, ಒಂದು ತೆಂಗಿನಕಾಯಿ

ತೆಂಗಿನಕಾಯಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಮುಂಬಯಿಯಿಂದ ದಿಲ್ಲಿಗೆ ವಿಮಾನದಲ್ಲಿ ಹೋದವರು ನಮ್ಮ ಹಿರೇಕೆರೂರು ತಾಲೂಕಿನಲ್ಲಿ ಎಷ್ಟು ಮಂದಿ ಇದ್ದಾರೋ ತಿಳಿಯದು. ನಾನೊಬ್ಬನಂತೂ ಇದ್ದೇನೆ. ವಿಮಾನದ ಹೆಣ್ಣುಮಗಳು ಬಂದು, ಅದನ್ನು ಮೇಲಿನ ಹಲಗೆಯ ಮೇಲೆ ಇಡಬಹುದಲ್ಲ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು. ಉರುಳಿ ಯಾರದಾದರೂ ತಲೆಯ ಮೇಲೆ ಬಿದ್ದರೆ ಎಂದೆ. ಆಕೆ ನನ್ನ ಪಕ್ಕದಲ್ಲಿ ಕುಳಿತವರ ತಲೆಯನ್ನೊಮ್ಮೆ ನೋಡಿದಳು. ಬೋಳುತಲೆ. ಮುಂದಿನ ಸಾಲಿಗೆ ಹೋದಳು.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ದಿಲ್ಲಿಯಲ್ಲಿ ನಮ್ಮಂಥವರಿಗೆ ಹತ್ತು ದಿನದ ತರಬೇತಿ ಇತ್ತು. ಯಾವ ಪುಣ್ಯಾತ್ಮನೋ ವಿಮಾನದಲ್ಲೇ ಹೋಗಿ ಎಂದು ಸಹಿ ಹಾಕಿಬಿಟ್ಟಿದ್ದ. ಬೆಂಗಳೂರಿನಿಂದ ಹೊರಟ ನಮ್ಮ ಮೂವರನ್ನು ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮುಂಬಯಿಯ ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ ಇಳಿಸಿ, ದಿಲ್ಲಿಯ ವಿಮಾನ ಸಂಜೆ ಏಳಕ್ಕೆ ಎಂದರು. ಒಂಬತ್ತು ತಾಸು. ಜೊತೆಯಲ್ಲಿದ್ದ ಇಬ್ಬರ ಮುಖವನ್ನು ನೀವು ನೋಡಬೇಕಿತ್ತು. ಒಬ್ಬರು ಶಾಲು ಹೊದ್ದು ಬೆಂಚಿನ ಮೇಲೆ ಮಲಗಿಬಿಟ್ಟರು. ಇನ್ನೊಬ್ಬರು ಪೇಪರು ಬಿಚ್ಚಿ, ಸುದ್ದಿಯೆಲ್ಲ ಮುಗಿದ ಮೇಲೆ ಟೆಂಡರು ನೋಟೀಸುಗಳನ್ನೂ ಓದತೊಡಗಿದರು.

ನನಗೆ ಮಾತ್ರ ಒಳಗೊಳಗೇ ಹುರುಪು. ಒಂದು ಗಾಡಿ ಇಳಿದು ಇನ್ನೊಂದಕ್ಕಾಗಿ ಕಾಯುವ ವಿದ್ಯೆಯಲ್ಲಿ ನಾನು ಯಾರಿಗೂ ತಲೆಬಾಗಬೇಕಾದವನಲ್ಲ. ಆ ವಿದ್ಯೆಯನ್ನು ಹಾನಗಲ್ಲಿನಲ್ಲಿ ಶುರುಮಾಡಿ, ಶಿಗ್ಗಾಂವಿಯಲ್ಲಿ ಮುಂದುವರಿಸಿ, ಸವಣೂರಿನಲ್ಲಿ ಪೂರೈಸಿದ್ದೇನೆ. ಕಲಿಸಿದವಳು ನಮ್ಮವ್ವ.

ಅವ್ವನ ತವರು ಸವಣೂರಿನಿಂದ ಎರಡು ಹರದಾರಿ ಆಚೆಗಿನ ಹಳ್ಳಿ. ಪ್ರತಿವರ್ಷ ಪಂಚಮಿ ಹಬ್ಬಕ್ಕೆ ಆಕೆಯನ್ನು ಅಲ್ಲಿಗೆ ಕರೆದೊಯ್ಯುವ ಕೆಲಸ ನನ್ನದು. ಧಾರವಾಡದಲ್ಲಿ ಕಾಲೇಜು ಓದುತ್ತಿದ್ದಾಗಲೂ ಆ ಹಬ್ಬಕ್ಕೆ ರಜೆ ಹಾಕಿ ಊರಿಗೆ ಬರುತ್ತಿದ್ದೆ. ನಸುಕಿನಲ್ಲಿ ಹಿರೇಕೆರೂರು ಬಿಟ್ಟರೆ ಹಾನಗಲ್ಲಿನಲ್ಲಿ ಇಳಿಯಬೇಕು, ಕಾಯಬೇಕು. ಶಿಗ್ಗಾಂವಿಯಲ್ಲಿ ಇಳಿಯಬೇಕು, ಕಾಯಬೇಕು. ಹನ್ನೊಂದರ ಸುಮಾರಿಗೆ ಸವಣೂರು. ಅಲ್ಲಿಂದ ಮುಂದಿನ ಮೋಟಾರು ನಾಲ್ಕಕ್ಕೆ. ಅದೂ ತುಂಬಿದರೆ ಮಾತ್ರ ನಾಲ್ಕು. ಡ್ರೈವರನ ಊಟ ತಡವಾದರೆ ಐದು.

ಅವ್ವನಿಗೆ ಈ ಹೊತ್ತು ಎಲ್ಲಿಯೂ ದಂಡವಾಗುತ್ತಿರಲಿಲ್ಲ. ಮೋಟಾರಿನಿಂದ ಇಳಿದ ಕೂಡಲೇ ನೆರಳು ನೋಡಿ ಕುಳಿತು, ಚೀಲದಿಂದ ಅರಳೆ ತೆಗೆದು ದೀಪದ ಬತ್ತಿ ಹೊಸೆಯಲು ಶುರುಮಾಡುತ್ತಿದ್ದಳು. ಕೈ ಬತ್ತಿಯ ಮೇಲೆ, ಕಣ್ಣು ಪಕ್ಕದ ಹೆಂಗಸಿನ ಮೇಲೆ.

“ಯಾವೂರಾತವ್ವ ನಿಮ್ಮದು?”

“ಅಕ್ಕಿಆಲೂರ್ರಿ.”

“ಅಕ್ಕಿಆಲೂರಾಗ ಯಾರ ಪೈಕಿ?”

ಇಷ್ಟು ಸಾಕು. ಹತ್ತು ಬತ್ತಿ ಮುಗಿಯುವುದರೊಳಗೆ ಆ ಹೆಂಗಸು ಅವ್ವನ ಸೋದರತ್ತೆಯ ನಾದಿನಿಯ ಮನೆತನದವಳೆಂದು ಸಿದ್ಧವಾಗುತ್ತಿತ್ತು. ಇಬ್ಬರ ಬುತ್ತಿಗಂಟುಗಳೂ ಬಿಚ್ಚಿಕೊಳ್ಳುತ್ತಿದ್ದವು. ಅವರ ಚಟ್ನಿ ನಮ್ಮ ರೊಟ್ಟಿಗೆ, ನಮ್ಮ ಪಲ್ಯ ಅವರ ರೊಟ್ಟಿಗೆ. ಒಮ್ಮೆ ಶಿಗ್ಗಾಂವಿಯ ಒಂದೂವರೆ ತಾಸಿನಲ್ಲಿ ಅವ್ವ ಯಾರದೋ ಮಗಳಿಗೆ ಯಾರದೋ ಮಗನನ್ನು ಗೊತ್ತುಮಾಡಿ, ಆ ಮದುವೆ ಆಗಿಯೂ ಹೋಯಿತು. ನಾನು ಆ ಹೊತ್ತಿನಲ್ಲಿ ಹೆದ್ದಾರಿಯ ಲಾರಿಗಳನ್ನು ಎಣಿಸುತ್ತಿದ್ದೆ. ಎಷ್ಟು ಎಂದು ಈಗ ನೆನಪಿಲ್ಲ. ಆ ಮದುವೆಯಿಂದ ಮೂರು ಮಕ್ಕಳಾದುದನ್ನು ಮಾತ್ರ ಅವ್ವ ಆಗಾಗ ನೆನಪಿಸುತ್ತಾಳೆ.

ಇಂಥ ಅವ್ವ ಸವಣೂರಿನಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಪೇಟೆಗೆ ಬೆನ್ನು ಹಾಕಿ ಕೂರುತ್ತಿದ್ದಳು. ಬೆನ್ನು ಹಾಕಿದ ಆ ಪೇಟೆಯಲ್ಲಿ, ನೂರು ಹೆಜ್ಜೆಯ ದಾರಿಯಲ್ಲಿ, ಆಕೆಯ ಒಡಹುಟ್ಟಿದ ಅಕ್ಕ, ನಮ್ಮ ದೊಡ್ಡವ್ವ ನೀಲವ್ವನ ಮನೆ ಇತ್ತು.

ಜಗಳದ ಮೂಲ ಒಂದು ತೆಂಗಿನಕಾಯಿ. ನಮ್ಮ ಕಡೆ ಮನೆಗೆ ಬಂದ ಮುತ್ತೈದೆ ಹೊರಡುವಾಗ ಉಡಿ ತುಂಬುತ್ತಾರೆಂಬುದು ನಿಮಗೆ ಗೊತ್ತೇ ಇದೆ. ಸೆರಗಿನಲ್ಲಿ ಅಕ್ಕಿ, ಕುಪ್ಪಸದ ಖಣ, ಮೇಲೊಂದು ಇಡೀ ತೆಂಗಿನಕಾಯಿ. ದೊಡ್ಡವ್ವನ ಮಗಳ ಮದುವೆ ಮುಗಿದ ಮರುದಿನ ಬೀಗರ ಕಡೆಯವರಿಗೆ, ನಾದಿನಿಯರಿಗೆ, ನೆರೆಹೊರೆಯವರಿಗೆಲ್ಲ ಉಡಿ ತುಂಬಿ, ಕಡೆಗೆ ಒಡಹುಟ್ಟಿದ ತಂಗಿಯ ಸರದಿ ಬಂದಾಗ ಕಾಯಿ ಮುಗಿದಿದ್ದವು. ದೊಡ್ಡವ್ವ ಒಂದು ಒಣ ಕೊಬ್ಬರಿ ಬಟ್ಟಲನ್ನು ಉಡಿಗೆ ಹಾಕಿದಳು. ಅವ್ವ ಅದನ್ನು ತೆಗೆದು ಹೊಸ್ತಿಲ ಮೇಲಿಟ್ಟು, “ತಂಗಿ ಅಂದ್ರ ನಿನಗ ಅರ್ಧಾ ಬಟ್ಟಲೇನ? ಇನ್ನ ನಿನ್ನ ಮನಿ ನೀರು ಮುಟ್ಟಿದ್ರ ಕೇಳು,” ಎಂದು ಹೊರಟುಬಂದಳು.

ಆರು ವರ್ಷ ಮುಟ್ಟಲಿಲ್ಲ. ಪಂಚಮಿಗೆ ತವರಿಗೆ ಇಬ್ಬರೂ ಬರುತ್ತಿದ್ದರು. ಅವ್ವ ಇದ್ದಾಗ ದೊಡ್ಡವ್ವ ಇರುತ್ತಿರಲಿಲ್ಲ, ದೊಡ್ಡವ್ವ ಬಂದಾಗ ಅವ್ವ ಹೊರಟಿರುತ್ತಿದ್ದಳು. ಹಬ್ಬಕ್ಕೆಂದು ಆಯಿ ಕಟ್ಟಿಸುವ ಒಂದೇ ಜೋಕಾಲಿಯಲ್ಲಿ ಅಕ್ಕ ಎರಡು ದಿನ, ತಂಗಿ ಎರಡು ದಿನ. ಇದು ನೋಡಿ ನೋಡಿ ಅವರ ತಾಯಿಗೆ, ನಾವು ಆಯಿ ಎನ್ನುತ್ತಿದ್ದ ಮುದುಕಿಗೆ, ಸಾಕಾಯಿತು. ಕಣ್ಣು ಮಂಜಾಗುತ್ತ ಬಂದಿದ್ದವು. ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಇಬ್ಬರು ಹೆಣ್ಣುಮಕ್ಕಳಿಗೂ ಒಂದೇ ಮಾತು ಹೇಳಿಕಳಿಸಿದಳು: “ಇಬ್ಬರೂ ಒಂದ ಮೋಟಾರಿನ್ಯಾಗ ಬಂದು ಇಳೀರಿ. ಇಲ್ಲಂದ್ರ ಇಬ್ಬರೂ ಬರಬ್ಯಾಡ್ರಿ. ಜೋಕಾಲಿ ಹಗ್ಗಾ ನಾ ಕಟ್ಟಸೂದಿಲ್ಲ.”

ಆ ವರ್ಷ ಸವಣೂರಿನಲ್ಲಿ ಇಳಿದಾಗ ನಮ್ಮ ಕೈಯಲ್ಲಿ ಐದು ತಾಸು ಇತ್ತು. ಅಷ್ಟರಲ್ಲಿ ದೊಡ್ಡವ್ವನನ್ನು ಆ ಮೋಟಾರಿಗೆ ಹತ್ತಿಸಬೇಕು, ಇಲ್ಲವೇ ಬಂದ ದಾರಿಗೆ ಹೊರಳಬೇಕು.

ಅವ್ವ ಎಂದಿನಂತೆ ಪೇಟೆಗೆ ಬೆನ್ನು ಹಾಕಿ ಕುಳಿತು ಬತ್ತಿ ಹೊಸೆದಳು. ಹೊಸೆದೇ ಹೊಸೆದಳು. ಒಂದು ದೇವಸ್ಥಾನಕ್ಕೆ ವರ್ಷಕ್ಕಾಗುವಷ್ಟು ಬತ್ತಿ ಆದ ಮೇಲೆ ಎದ್ದು, ಸೆರಗು ಜಾಡಿಸಿ, ಹೋಟೆಲಿನವನ ಕಡೆ ಹೋಗಿ ತನ್ನ ತಂಬಿಗೆ ತುಂಬ ನೀರು ಹಾಕಿಸಿಕೊಂಡು ಬಂದಳು.

“ನಡಿ.”

“ಎಲ್ಲಿಗೆ?”

“ನಿನ್ನ ದೊಡ್ಡವ್ವನ ಮನಿಗೆ. ಮನಿಗೆ ಹೋಗೂದಿಲ್ಲ ಅಂತ ನಾ ಆಣಿ ಮಾಡಿಲ್ಲ. ನೀರು ಮುಟ್ಟೂದಿಲ್ಲ ಅಂದೇನಿ. ನನ್ನ ನೀರು ನನ್ನ ಕಡೆ ಐತಿ.”

ದೊಡ್ಡವ್ವ ಪಡಸಾಲೆಯಲ್ಲಿ ಕುಳಿತು ಹಬ್ಬದ ಉಂಡಿ ಕಟ್ಟುತ್ತಿದ್ದಳು. ಕೈಯೆಲ್ಲ ಬೆಲ್ಲ. ಬಾಗಿಲಲ್ಲಿ ನಿಂತ ತಂಗಿಯನ್ನು ನೋಡಿದಳು, ಆಮೇಲೆ ಆ ತಂಬಿಗೆಯನ್ನು ನೋಡಿದಳು.

“ಬಂದೀ?”

“ಮೋಟಾರ ನಾಕಕ್ಕ ಐತಿ,” ಎಂದಳು ಅವ್ವ, ತಪ್ಪೆಲ್ಲ ಮೋಟಾರಿನದು ಎಂಬಂತೆ.

“ಅದೇನು ತಂಬಿಗಿ? ನಮ್ಮ ಬಾವ್ಯಾಗಿನ ನೀರು ಬತ್ತ್ಯಾವ ಅಂತ ಯಾರರ ಹೇಳಿದ್ರೇನು?”

“ನಿನ್ನ ಬಾವಿ ಬತ್ತಿಲ್ಲ. ನನ್ನ ಮಾತೂ ಬತ್ತಿಲ್ಲ.”

ದೊಡ್ಡವ್ವನ ಮಗ ಚನ್ನಪ್ಪ ನನ್ನ ವಾರಗೆಯವನು, ಹುಬ್ಬಳ್ಳಿಯಲ್ಲಿ ಕಾಮರ್ಸ್ ಓದುತ್ತಿದ್ದ. ಅವನು ನನ್ನನ್ನು ನೋಡಿ ಕಣ್ಣು ಮಿಟುಕಿಸಿದ. ಇಬ್ಬರೂ ಗೋಡೆಗೆ ಒರಗಿ ನಿಂತೆವು. ಅಕ್ಕತಂಗಿಯರು ಎಮ್ಮೆಯ ಮಾತಾಡಿದರು, ಆಯಿಯ ಕಣ್ಣಿನ ಮಾತಾಡಿದರು. ನಡುವೆ ತಂಬಿಗೆ ಪೊಲೀಸನ ಹಾಗೆ ಕುಳಿತಿತ್ತು. ಎರಡು ಸಲ ದೊಡ್ಡವ್ವ ಉಂಡಿ ನೀಡಿದಳು. ಉಂಡಿ ತಿಂದರೆ ನೀರಡಿಕೆಯಾಗುತ್ತದೆ ಎಂದು ಅವ್ವ ಎರಡು ಸಲವೂ ಒಲ್ಲೆ ಎಂದಳು.

“ಕೇಳಿಲ್ಲೆ, ಗೌರಿ,” ಎಂದಳು ಕಡೆಗೆ ದೊಡ್ಡವ್ವ. “ಅವ್ವ ಹೇಳಿಕಳಸ್ಯಾಳ, ಖರೆ. ನನ್ನ ಟ್ರಂಕೂ ತಯಾರ ಐತಿ. ಆದ್ರ ನನ್ನ ಮನಿಯೊಳಗ ಏನೂ ಬಾಯಾಗ ಹಾಕಲಾರದಾಕಿ ಜೋಡಿ ನಾ ಮೋಟಾರ ಹತ್ತೂದಿಲ್ಲ.”

“ನನ್ನ ಆಣಿ?”

“ನಿನ್ನ ಆಣಿ ನಿನ್ನ ಕಡೆನ ಇರಲಿ. ನೀರು ಕುಡೀಬ್ಯಾಡ. ಮಜ್ಜಿಗಿ ಕುಡಿ. ಮಜ್ಜಿಗಿಗೆ ನೀ ಆಣಿ ಹಾಕಿದ್ದಿಲ್ಲಲಾ?”

ದೊಡ್ಡವ್ವ ಒಳಗೆ ಹೋಗಿ ಲೋಟದ ತುಂಬ ಮಜ್ಜಿಗೆ ತಂದಳು. ಅವ್ವ ತೆಗೆದುಕೊಂಡಳು. ತುಟಿಯವರೆಗೆ ಒಯ್ದಳು. ಆರು ವರ್ಷದ ಜಗಳ ಮುಗಿಯಲು ಇನ್ನು ಎರಡು ಬೆರಳಿನ ಅಂತರ ಇತ್ತು. ಆಗ ನಾನು ಬಾಯಿ ತೆರೆದೆ.

“ಮಜ್ಜಿಗಿಯೊಳಗ ಮುಕ್ಕಾಲಕ್ಕಿಂತ ಹೆಚ್ಚು ನೀರ ಇರ್ತೈತಿ.”

ಯಾಕೆ ಹೇಳಿದೆ? ಹಿಂದಿನ ವಾರವಷ್ಟೇ ಪ್ರಯೋಗಶಾಲೆಯಲ್ಲಿ ಪಿಂಗಾಣಿ ಬಟ್ಟಲಿನಲ್ಲಿ ಹಾಲು ಕಾಯಿಸಿ, ಆರಿಸಿ, ತೂಗಿ ಬರೆದುಕೊಂಡಿದ್ದೆ. ಗೊತ್ತಿರುವುದನ್ನು ಹೇಳದೆ ಇರುವ ಅಭ್ಯಾಸ ಆಗ ನನಗಿರಲಿಲ್ಲ. ಈಗಲೂ ಅಷ್ಟಾಗಿ ಇಲ್ಲವೆಂದು ಮನೆಯವಳು ಹೇಳುತ್ತಾಳೆ.

ಅವ್ವ ಲೋಟ ಕೆಳಗಿಟ್ಟಳು. ಚನ್ನಪ್ಪ ನನ್ನ ರಟ್ಟೆ ಚಿವುಟಿದ. ದೊಡ್ಡವ್ವ ನನ್ನನ್ನು ನೋಡಿದ ನೋಟವನ್ನು ಯಾವ ಪರೀಕ್ಷಕನೂ ಮುಂದೆ ನನ್ನ ಮೇಲೆ ಬೀರಿಲ್ಲ. “ಇದಕ್ಕ ಕಾಲೇಜಿಗೆ ಕಳಸ್ಯಾರೇನು ನಿನ್ನ?” ಎಂದವಳು ದಡದಡ ಒಳಗೆ ಹೋದಳು. ಹೊರಬಂದಾಗ ಕೈಯಲ್ಲೊಂದು ಹಿತ್ತಾಳೆ ಬಟ್ಟಲು. ಬಟ್ಟಲಲ್ಲಿ ಎಮ್ಮೆ ಹಾಲಿನ ಮೊಸರು, ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ. ಅದನ್ನು ಅವ್ವನ ಮುಂದಿಟ್ಟು ಗೋಡೆಯ ಕಡೆ ತಿರುಗಿದಳು.

“ಇದರಾಗ ಎಷ್ಟ ಐತಿ ಹೇಳಪಾ, ಶಾಣ್ಯಾ.”

ಮೊಸರಿನಲ್ಲಿ ಎಷ್ಟಿರುತ್ತದೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅವ್ವ ನನ್ನ ಕಡೆ ನೋಡಲಿಲ್ಲ. ಚೀಲದ ಬಾಯಿಂದ ಹೊರಬಂದಿದ್ದ ಒಂದು ಬತ್ತಿಯನ್ನು ಹಿಡಿದು, ಹೊಸೆದದ್ದನ್ನೇ ಮತ್ತೆ ಹೊಸೆಯುತ್ತಿದ್ದಳು.

“ಇದರಾಗ ಇಲ್ಲ ದೊಡ್ಡವ್ವ. ಒಂದ ಹನಿ ಇಲ್ಲ.”

“ಖರೇನ?”

“ಕಾಲೇಜಿನ್ಯಾಗ ಹಂಗ ಹೇಳ್ಯಾರ.”

ಅವ್ವ ಮೊಸರು ಉಂಡಳು. ಬಟ್ಟಲು ಬಳಿದು ಉಂಡಳು. ಆಮೇಲೆ ತನ್ನ ತಂಬಿಗೆ ಎತ್ತಿ ತನ್ನ ನೀರು ಕುಡಿದಳು. ನಾಲ್ಕರ ಮೋಟಾರು ನಾಲ್ಕೂವರೆಗೆ ಹೊರಟಿತು. ಅಕ್ಕತಂಗಿ ಒಂದೇ ಸೀಟಿನಲ್ಲಿ ಕುಳಿತು, ಕಿಟಕಿ ಯಾರಿಗೆ ಎಂದು ಸಣ್ಣಗೆ ಜಗಳಾಡಿದರು. ಇಳಿದಾಗ ಆಯಿ ಇಬ್ಬರ ಮುಖವನ್ನೂ ಕೈಯಿಂದ ಸವರಿ ನೋಡಿ, “ಹಗ್ಗಾ ಕಟ್ಟಸ್ರಿ,” ಎಂದಳು.

ಈ ಕತೆಯನ್ನು ನಾನು ಹತ್ತು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೆಂಡತಿಗೆ, ಮಕ್ಕಳಿಗೆ, ಸಹೋದ್ಯೋಗಿಗಳಿಗೆ, ಒಮ್ಮೆ ತರಗತಿಯಲ್ಲಿ ವಿದ್ಯಾರ್ಥಿಗಳಿಗೂ. ವಿಜ್ಞಾನವನ್ನು ಸುಳ್ಳು ಮಾಡಿ ಎರಡು ಮನೆ ಕೂಡಿಸಿದ ಶೂರ ನಾನು ಎಂಬ ಹೆಮ್ಮೆ. ಆದರೆ ನನಗೊಂದು ರೋಗವಿದೆ. ಯಾವುದನ್ನೂ ಇನ್ನೊಮ್ಮೆ ತೂಗದೆ ನಂಬಲಾರೆ. ತೂಗಿ ನೋಡಿದಂತೆಲ್ಲ ಎರಡು ವಿಷಯ ಕಾಡತೊಡಗಿದವು. ಒಂದು, ಹೇಳಿದಷ್ಟೂ ಸಲ ಮೊಸರು ಗಟ್ಟಿಯಾಗುತ್ತ ಬಂದಿತ್ತು. ಮೊದಮೊದಲು ಅದರಲ್ಲಿ ಚಮಚ ವಾಲುತ್ತಿತ್ತು, ಈಚೆಗೆ ನಿಲ್ಲುತ್ತದೆ. ಇನ್ನೊಂದು ಇದಕ್ಕಿಂತ ಗಂಭೀರ. ಅದೇ ದಿನದ ಮತ್ತೊಂದು ನೆನಪು ನನ್ನ ಬಳಿ ಇದೆ. ಸವಣೂರಿನಲ್ಲಿ ಮಠದ ಹತ್ತಿರ ಮೂರು ಮರಗಳಿವೆ. ದೊಡ್ಡ ಹುಣಸೆ ಎನ್ನುತ್ತಾರೆ, ಹುಣಸೆಯಲ್ಲ. ಆನೆಗಳು ಬೇರು ಬಿಟ್ಟು ನಿಂತ ಹಾಗೆ ಇವೆ. ಅವುಗಳ ಸುತ್ತಳತೆ ಎಷ್ಟೆಂದು ಧೋತರ ಸುತ್ತಿ ಅಳೆಯುತ್ತ ನಿಂತದ್ದು, ಯಾರೋ ಕೂಗಿದಾಗ ಧೋತರ ಸುತ್ತಿಕೊಳ್ಳುತ್ತ ಓಡಿದ್ದು ಚೆನ್ನಾಗಿ ನೆನಪಿದೆ. ಅದು ಯಾವಾಗ? ಮೊಸರಿಗಿಂತ ಮೊದಲೋ, ಆಮೇಲೋ, ಅಥವಾ ಮೊಸರಿನ ಹೊತ್ತಿಗೇ?

ಸಾಂತಾಕ್ರೂಜ್‌ನ ಬೆಂಚಿನ ಮೇಲೆ ಕುಳಿತಾಗ ಇದೇ ತಲೆಯಲ್ಲಿ ಬಂತು. ಚನ್ನಪ್ಪ ಈಗ ಮುಂಬಯಿಯಲ್ಲೇ ಇದ್ದಾನೆ. ಮಾಟುಂಗಾದಲ್ಲಿ ಮನೆ. ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡವ್ವನೂ ಎರಡು ವರ್ಷದಿಂದ ಅವನ ಜೊತೆಗಿದ್ದಾಳೆ. ಪಂಚಮಿಗೆ ಬಂದಿಲ್ಲ, ಅವ್ವ ಆಕೆಯನ್ನು ಕಂಡಿಲ್ಲ. ನಾನು ಎದ್ದೆ. ಟೆಂಡರು ನೋಟೀಸು ಓದುತ್ತಿದ್ದವರು, “ಎಲ್ಲಿಗೆ ಹೊರಟಿರಿ? ಊರು ದೊಡ್ಡದು, ತಪ್ಪಿಸಿಕೊಂಡೀರಿ,” ಎಂದರು. ಊರು ದೊಡ್ಡದಾದರೇನು, ಯಾರ ಪೈಕಿ ಎಂದು ಕೇಳಿದರೆ ಮನೆ ಸಿಗುತ್ತದೆ ಎಂದು ಹೊರಟೆ.

ಲೋಕಲ್ ಗಾಡಿಯಲ್ಲಿ ಒಂಟಿಗಾಲಿನಲ್ಲಿ ನಿಂತು ಹೋಗಿ ಇಳಿದು, ಮೂರು ಕಡೆ ಕೇಳಿ, ಮಾಳಿಗೆಯ ಮೆಟ್ಟಿಲು ಹತ್ತಿ ಬಾಗಿಲು ಬಡಿದೆ. ಬಾಗಿಲು ತೆರೆದವಳು ದೊಡ್ಡವ್ವ. ಹಣೆಯ ಮೇಲೆ ಕೈ ಅಡ್ಡ ಹಿಡಿದು ನೋಡಿದಳು.

“ಯಾರ್ರಿ?”

“ನಾನ ದೊಡ್ಡವ್ವ, ಬಸು. ಗೌರವ್ವನ ಮಗ.”

“ಮೋಟಾರ ಎಷ್ಟಕ್ಕ ಐತಿ?”

“ಏಳಕ್ಕ. ಮೋಟಾರ ಅಲ್ಲ, ವಿಮಾನ.”

“ಏನರ ಇರಲಿ. ಉಣ್ಣಾಕ ಟೈಮ್ ಐತಿ, ಕೈಕಾಲು ತೊಳಕೊ.”

ಜೋಳದ ರೊಟ್ಟಿಯ ಊಟ. ಚನ್ನಪ್ಪನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಚನ್ನಪ್ಪ ಬನಿಯನ್ನಿನಲ್ಲಿ ಕುಳಿತು ಮಕ್ಕಳಿಗೆ ನನ್ನ ಪರಿಚಯ ಮಾಡಿಕೊಟ್ಟ.

“ಮೊಸರಿನ ಕತಿ ಹೇಳಿದ್ದೆನಲಾ, ಇಂವ ನೋಡ್ರಿ ಆ ಸಣ್ಣಜ್ಜಿ ಮಗಾ. ಇವರವ್ವಗ ಸುಳ್ಳು ಹೇಳಿ ಮೊಸರು ಉಣಿಸಿದಾಂವ ನಾ.”

ನನ್ನ ಕೈಯ ತುತ್ತು ಅಲ್ಲೇ ನಿಂತಿತು. “ಉಣಿಸಿದಾಂವ ಯಾರು?”

“ನಾ!”

“ಚನ್ಯಾ, ಒಂದ ಹನಿ ಇಲ್ಲ ಅಂತ ಹೇಳಿದಾಂವ ನಾನು.”

“ನೀನಾ? ನೀ ಎಲ್ಲಿದ್ದಿ ಅಲ್ಲೆ? ಮಜ್ಜಿಗಿಯೊಳಗ ನೀರೈತಿ ಅಂತ ಒದರಿದಾಂವ ನೀನ, ಅದು ಹೌದು. ನಮ್ಮವ್ವ ಬೈದ್ಲು. ನೀ ಮುಖಾ ಸಣ್ಣದು ಮಾಡಿಕೊಂಡು ಎದ್ದ ಹೋದಿ. ಮರಾ ಅಳಿಯಾಕತ್ತಿದ್ದಿ, ಧೋತರಾ ಬಿಚ್ಚಿ! ಮೋಟಾರಿಗೆ ಹೊತ್ತಾತು ಅಂತ ನಿನ್ನ ಕರಿಯಾಕ ಬಂದಾಂವ ನಾನ ಅಲ್ಲೇನು?”

ತಪ್ಪು ನನ್ನದೆಂಬ ವಿಷಯದಲ್ಲಿ ಇಬ್ಬರ ನೆನಪಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಒಳ್ಳೆಯ ಮಾತು ಯಾರದು ಎಂಬುದರಲ್ಲಷ್ಟೇ ತಕರಾರು. ಅವನೂ ಹತ್ತು ವರ್ಷ ಈ ಕತೆ ಹೇಳಿದ್ದಾನೆ. ಅವನ ಮೊಸರಿನಲ್ಲೂ ಚಮಚ ನಿಲ್ಲುತ್ತದೆ. ಧೋತರದ ಮಾತು ಕೇಳಿದ ಮೇಲಂತೂ ನನ್ನ ಕಾಲ ಕೆಳಗಿನ ನೆಲ ಸ್ವಲ್ಪ ಅಲುಗಾಡಿತು. ಆದರೂ ಬಿಡಲಿಲ್ಲ. ದೊಡ್ಡವ್ವ ಇದ್ದಳಲ್ಲ, ಕಣ್ಣಾರೆ ಕಂಡವಳು. ಆಕೆಯ ಕಡೆ ತಿರುಗಿದೆ.

“ನೀನ ಹೇಳು ದೊಡ್ಡವ್ವ. ಮೊಸರಿನ್ಯಾಗ ನೀರಿಲ್ಲ ಅಂದಾಂವ ನಾನೋ ಇಂವನೋ?”

ದೊಡ್ಡವ್ವ ನಕ್ಕಳು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಿಮ್ಮ ಮಾತು ಕೇಳಿ ಆಕಿ ಉಂಡ್ಲು ಅಂತ ತಿಳಕೊಂಡೀರೇನು ಇಬ್ಬರೂ? ಅಯ್ಯ ನಿಮ್ಮ! ಹುಟ್ಟಿದಾಗಿಂದ ಎಮ್ಮಿ ಹಿಂಡಿದಾಕಿ, ಹೆಪ್ಪು ಹಾಕಿದಾಕಿ ಆಕಿ. ಮೊಸರ ಗಡಿಗಿ ಒಂದೀಟ ವಾರಿ ಮಾಡಿದ್ರ ನೀರು ಬಿಡತೈತಿ, ಅದು ಆಕಿಗೆ ಗೊತ್ತಿದ್ದಿಲ್ಲಾ? ಅದನ್ನ ನಿಮ್ಮ ಕಾಲೇಜಿನ್ಯಾಗ ಕೇಳಬೇಕಾಗಿತ್ತಾ? ಯಾರರ ಇಲ್ಲ ಅನ್ನಲಿ ಅಂತ ಕಾಯಾಕತ್ತಿದ್ಲು. ನಾನೂ ಕಾಯಾಕತ್ತಿದ್ದೆ. ಯಾವನೋ ಒಬ್ಬಾಂವ ಅಂದ.”

“ಯಾವಾಂವ?”

“ಯಾರಿಗೆ ನೆನಪೈತಿ? ಇಬ್ಬರಿಗೂ ಆಗಷ್ಟ ಮೀಸಿ ಬಂದಿದ್ವು. ನನ್ನ ಕಣ್ಣಿಗೆ ಇಬ್ಬರೂ ಒಂದ ತರದ ಕತ್ತಿಗೋಳು.”

ಚನ್ನಪ್ಪನ ಮಕ್ಕಳು ಬಿದ್ದು ಬಿದ್ದು ನಕ್ಕವು. ಅಲ್ಲಿಗೆ ವಿಚಾರಣೆ ಮುಗಿಯಿತು. ಊಟವಾದ ಮೇಲೆ ನಾನು ಗಡಿಯಾರ ನೋಡಿದಾಗ ಇನ್ನೂ ಎರಡು. ದೊಡ್ಡವ್ವ ಬಾಗಿಲ ಹತ್ತಿರ ನನ್ನ ಎದುರಿಗೆ ಬಂದು ಕುಳಿತಳು.

“ಗೌರಿ ಈಗೂ ತಂಬಿಗಿ ಹಿಡಕೊಂಡ ತಿರಗತಾಳೇನು?”

ಹೌದೆಂದೆ. ನಗು ಬರಬೇಕಾದ ಮಾತು, ಆದರೆ ಇಬ್ಬರೂ ನಗಲಿಲ್ಲ. ಮೊಸರು ಉಂಡ ಮರುವರ್ಷದಿಂದ ಅವ್ವ ಪ್ರತಿ ಪಂಚಮಿಗೆ ಅಕ್ಕನ ಮನೆಗೆ ಹೋದಳು. ಮಜ್ಜಿಗೆ ಕುಡಿದಳು, ಪಾಯಸ ಕುಡಿದಳು, ಒಮ್ಮೆ ಜ್ವರ ಬಂದಾಗ ಗಂಜಿಯನ್ನೂ ಕುಡಿದಳು. ಬರೀ ನೀರನ್ನು ಮಾತ್ರ ಮುಟ್ಟಲಿಲ್ಲ. ಸ್ಟ್ಯಾಂಡಿನ ಹೋಟೆಲಿನವನು ಆಕೆಯನ್ನು ಕಂಡ ಕೂಡಲೇ ತಂಬಿಗೆಗೆ ಕೈಚಾಚುತ್ತಿದ್ದ. ಉಡಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಹೊರಡುವ ಹೊತ್ತಿಗೆ ಅವ್ವ ಮೋಟಾರು ಬಂತೆಂದು ಬೇಕೆಂದೇ ಅವಸರ ಮಾಡುತ್ತಿದ್ದಳು, ದೊಡ್ಡವ್ವ ಒಲೆಯ ಮೇಲೆ ಏನೋ ಉಕ್ಕಿತೆಂದು ಬೇಕೆಂದೇ ಒಳಗೆ ಓಡುತ್ತಿದ್ದಳು. ಅಷ್ಟರಲ್ಲಿ ದೊಡ್ಡಪ್ಪ ಹೋದ.

“ಅವತ್ತ ಕಾಯಿ ಮುಗದಿದ್ದಿಲ್ಲ,” ಎಂದಳು ದೊಡ್ಡವ್ವ.

“ಯಾವತ್ತ?”

“ಮದುವಿ ಮರುದಿನ. ಒಂದ ಕಾಯಿ ಉಳದಿತ್ತು. ನಮ್ಮತ್ತಿ ತನ್ನ ಮಗಳಿಗೆ ಇನ್ನೊಂದ ಇರಲಿ ಅಂತ ಎತ್ತಿ ಇಟ್ಟಿದ್ಲು. ಕೇಳಾಕ ನನಗ ಧೈರ್ಯ ಆಗಲಿಲ್ಲ. ತಂಗಿ ಅಲ್ಲಾ, ತಿಳಕೊಂತಾಳ ಬಿಡು ಅಂದಕೊಂಡೆ. ಮಂದಿ ಸಿಟ್ಟಾಕ್ಕಾರ, ನಮ್ಮವರು ತಿಳಕೊಂತಾರ ಅಂತ. ಆಕಿನ ತಿಳಕೊಳ್ಳಲಿಲ್ಲ. ನಾನರ ಹೇಳಬೇಕಿತ್ತು. ಹೇಳಿದ್ರ ಅತ್ತಿಗೆ ಹೆದರಿದಾಕಿ ಅಂತ ನಗತಾಳ ಅಂತ ಅದನ್ನೂ ಹೇಳಲಿಲ್ಲ.”

ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು. ಆದರೂ ದೊಡ್ಡವ್ವ ಆ ಮಾತನ್ನು ದನಿ ತಗ್ಗಿಸಿಯೇ ಹೇಳಿದಳು.

ಆಮೇಲೆ ಎದ್ದು ಚಪ್ಪಲಿ ಹಾಕಿಕೊಂಡಳು. ಮೆಟ್ಟಿಲಿಳಿದು ಬೀದಿಯ ಮೂಲೆಯ ಅಂಗಡಿಗೆ ನಾನೂ ಆಕೆಯ ಹಿಂದೆ ಹೋದೆ. ಅಂಗಡಿಯವನು ಕೊಟ್ಟ ಕಾಯಿ ಬೇಡವೆಂದು, ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಎಂಟೋ ಒಂಬತ್ತೋ ಕಾಯಿಯಾದ ಮೇಲೆ ಒಂದನ್ನು ಆರಿಸಿದಳು. ಮನೆಗೆ ಬಂದು ಟ್ರಂಕಿನಿಂದ ಹಸಿರು ಖಣವೊಂದನ್ನು ತೆಗೆದು ಎರಡನ್ನೂ ಸೊಸೆಯ ಮುಂದಿಟ್ಟಳು.

“ನೀ ಕಟ್ಟವ್ವ. ಈಗ ಉಡಿ ತುಂಬೂ ಕೈ ಅಲ್ಲ ನಂದು.”

ಅದೆಲ್ಲ ಮೂಢನಂಬಿಕೆ ಎಂದು ನಾನು ಹೇಳಬಹುದಿತ್ತು. ಬೇರೆ ಕಡೆ ನೂರು ಸಲ ಹೇಳಿದ್ದೇನೆ. ಆದರೆ ಆಕೆ ಗಂಟಿನ ಕಡೆ ಬಗ್ಗಿ, ಸೊಸೆಯ ಬೆರಳು ತಪ್ಪಿದಲ್ಲೆಲ್ಲ ತನ್ನ ಕೈ ಹಿಂದಕ್ಕೆ ಎಳೆದುಕೊಳ್ಳುತ್ತ ಕುಳಿತಿದ್ದಳು.

“ದೊಡ್ಡವ್ವ, ನಾ ಈಗ ಹೊಂಟಿದ್ದು ದಿಲ್ಲಿಗೆ. ಊರಿಗೆ ಹೋಗೂದು ಹತ್ತ ದಿನದ ಮ್ಯಾಲ.”

“ಕಾಯಿ ತಡೀತೈತಿ. ನಾವು ಇಷ್ಟ ವರ್ಷ ತಡದಿಲ್ಲಾ? ಆದ್ರ ನೋಡು, ಅಲ್ಲೆಲ್ಯಾರ ಒಡದು ಚಟ್ನಿ ಮಾಡಿಕೊಂಡೀ ಮತ್ತ!”

ಐದೂವರೆಗೆ ವಿಮಾನ ನಿಲ್ದಾಣಕ್ಕೆ ಮರಳಿದೆ. ಮಲಗಿದ್ದವರು ಮಲಗಿಯೇ ಇದ್ದರು. ಪೇಪರಿನವರು ಕಣ್ಣೆತ್ತಿ ಗಂಟಿನ ಕಡೆ ನೋಡಿ, “ಮುಂಬಯಿ ನೋಡಿದಿರಾ?” ಎಂದರು. ನೋಡಿದೆ ಎಂದೆ. ಸಮುದ್ರ ಹೇಗಿದೆ ಎಂದರು. ಸಮುದ್ರದ ನೆನಪೇ ಆಗಿರಲಿಲ್ಲ.

ದಿಲ್ಲಿಯ ಹಾಸ್ಟೆಲಿನಲ್ಲಿ ಹತ್ತು ದಿನ ಕಾಯಿ ನನ್ನ ಮೇಜಿನ ಮೇಲಿತ್ತು. ಅದು ದೇವರೆಂದು ತಿಳಿದ ನನ್ನ ಕೋಣೆಯವರು ಬೆಳಿಗ್ಗೆ ಸ್ನಾನ ಮಾಡಿ ಬಂದು ಅದಕ್ಕೊಮ್ಮೆ ಕೈಮುಗಿಯುತ್ತಿದ್ದರು. ನಾನು ತಿದ್ದಲಿಲ್ಲ. ಆಗಾಗ ಕಿವಿಗೆ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದೆ, ಒಳಗಿನದು ಆರಿಹೋಗಿಲ್ಲವಲ್ಲ ಎಂದು.

ಹಿರೇಕೆರೂರಿಗೆ ಮುಟ್ಟಿದಾಗ ಮಧ್ಯಾಹ್ನ. ಅವ್ವ ಹಿತ್ತಲ ಕಟ್ಟೆಯ ಮೇಲೆ ಕುಳಿತು ಬತ್ತಿ ಹೊಸೆಯುತ್ತಿದ್ದಳು. ಗಂಟನ್ನು ಆಕೆಯ ಮುಂದಿಟ್ಟು ದೊಡ್ಡವ್ವ ಹೇಳಿದ್ದನ್ನು ಹೇಳಿದೆ. ಉಳಿದ ಒಂದು ಕಾಯಿಯ ಮಾತು, ಅತ್ತೆಯ ಮಾತು, ಧೈರ್ಯ ಆಗದ ಮಾತು, ಏನೂ ಬಿಡದೆ. ಅವ್ವ ಎಲ್ಲ ಕೇಳಿ, “ಆ ಮುದುಕಿಗೆ ನಾನೂ ಹೆದರತಿದ್ದೆ,” ಎಂದಷ್ಟೇ ಹೇಳಿದಳು.

ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು, ಖಣ ಬಿಚ್ಚಿ ಉಡಿಯಲ್ಲಿಟ್ಟುಕೊಂಡಳು. ಕಾಯಿಯನ್ನು ಎತ್ತಿ, ಅಕ್ಕ ಹಿಡಿದ ಹಾಗೆಯೇ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಕುಳುಕುಳು ಎಂದಿತು. ಅವ್ವನ ಕೈ ನಿಂತಿತು. ನನ್ನ ಕಡೆ ತಿರುಗಿದಳು.

“ಇದರಾಗ ನೀರು ಐತೇನಪಾ, ಶಾಣ್ಯಾ?”

ಪ್ರಶ್ನೆ ಅದೇ. ಇಲ್ಲವೆನ್ನಬಹುದಿತ್ತು. ಆದರೆ ಈ ಸಲ ಸುಳ್ಳಿನ ಅಗತ್ಯವಿದೆ ಎಂದು ನನಗೆ ಅನಿಸಲಿಲ್ಲ.

“ತುಂಬ ಐತಿ ಅವ್ವ. ದೊಡ್ಡವ್ವನ ಮನಿದು.”

ಅವ್ವ ಎದ್ದು ಬಟ್ಟೆ ಒಗೆಯುವ ಕಲ್ಲಿಗೆ ಒಂದೇ ಏಟಿಗೆ ಕಾಯಿ ಒಡೆದಳು. ಪಕ್ಕದಲ್ಲಿದ್ದ ಆ ತಂಬಿಗೆಯೊಳಗಿನ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿ, ಕಾಯಿನೀರನ್ನು ಅದಕ್ಕೆ ಬಗ್ಗಿಸಿಕೊಂಡು, ನಿಂತಲ್ಲೇ ಗಟಗಟ ಕುಡಿದಳು. ಒಂದು ಹನಿ ಬಿಡಲಿಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಚನ್ನಪ್ಪ ಅಲ್ಲಿರಲಿಲ್ಲ.